ಯಾರಿಂದ ಬಂದ ಮಟ್ಟು

ಬ್ಯೋರ್ಕೋಸೆನ್, ದಾಲಾರ್ನಾ
3 ನವೆಂಬರ್ 2006

ಹೋಕನ್,

ಈ ಲಕೋಟೆಯಲ್ಲಿ ಎರಡು ಡಿಸ್ಕ್ ಇವೆ. ಒಟ್ಟು ನಲವತ್ತೊಂದು ಮಟ್ಟು, ಎಲ್ಲವೂ ಅಲ್ಮಜ್ಜಿಯ ಅಡುಗೆಮನೆಯಲ್ಲಿ ಹಿಡಿದದ್ದು. ಹನ್ನೆರಡನೆಯದರಲ್ಲಿ ಕಾಫಿ ಕುದಿಯುವ ಸದ್ದಿದೆ, ಮೂವತ್ತನೆಯದರಲ್ಲಿ ಬೆಕ್ಕು ಕೂಗುತ್ತದೆ. ಅದನ್ನೆಲ್ಲ ಅಳಿಸಲು ಹೋಗಬೇಡ. ಅಜ್ಜಿ ಕಾಲಿನಿಂದ ನೆಲ ತಟ್ಟುವುದಂತೂ ಎಲ್ಲದರಲ್ಲೂ ಇದೆ. ಅದಿಲ್ಲದೆ ಮಟ್ಟೇ ಇಲ್ಲ ಎಂಬುದು ನಿನಗೂ ಗೊತ್ತು, ಅದೇ ಮೇಜಿನ ಆಚೆ ಬದಿಯಲ್ಲಿ ಕೂತು ನನ್ನ ಜೊತೆಗೇ ಅವಳಿಂದ ಪಿಟೀಲು ಕಲಿತವನು ನೀನು.

ನೀನು ಫೋನಿನಲ್ಲಿ ಹೇಳಿದ್ದು ನನಗೆ ಪೂರ್ತಿ ತಲೆಗೆ ಹತ್ತಿಲ್ಲ. ಹಾಡನ್ನು ಕೊಳ್ಳುವುದೂ ಇಲ್ಲ, ಇಳಿಸಿಕೊಳ್ಳುವುದೂ ಇಲ್ಲ, ಒತ್ತಿದರೆ ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ ಅಂದೆ. ದೇಶದ ಹುಡುಗರೆಲ್ಲ ಕದ್ದ ಹಾಡು ಕೇಳುತ್ತಿರುವಾಗ ನೀನೊಬ್ಬ ಕದಿಯದೆ ಕೇಳಿಸುತ್ತೇನೆ ಎಂದು ಹೊರಟಿದ್ದೀಯ ಎಂಬುದಷ್ಟು ತಿಳಿಯಿತು. ಹಾಡುಗಳ ಹಕ್ಕಿರುವ ದೊಡ್ಡ ಕಂಪನಿಗಳು ಇನ್ನೂ ನಿನ್ನನ್ನು ಬಾಗಿಲಲ್ಲೇ ನಿಲ್ಲಿಸಿವೆ, ಯಂತ್ರ ಓಡಿಸಿ ನೋಡಲು ಯಾರ ಹಂಗೂ ಇಲ್ಲದ ಸಂಗೀತ ಬೇಕು, ಅಲ್ಲವೇ? ತಗೋ.

ಒಂದು ಷರತ್ತು. ನೀನು ಪಿಟೀಲು ಬಿಟ್ಟು ಹತ್ತು ವರ್ಷವಾಯಿತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮ ಮಟ್ಟುಗಳನ್ನು ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಯಾರಿಂದ ಬಂತು ಎಂಬುದೊಂದೇ. ಅದನ್ನೇ ನಾವು ‘ಎಫ್ತೆರ್’ ಎಂಬ ಒಂದು ಮಾತಿನಲ್ಲಿ ಹೇಳುತ್ತೇವೆ: ಪೋಲ್ಸ್ಕಾ ಎಫ್ತೆರ್ ಸ್ಮೆಡ್ಸ್ ಅಲ್ಮಾ. ಕಮ್ಮಾರರ ಮನೆಯ ಅಲ್ಮಾಳಿಂದ ಬಂದ ಪೋಲ್ಸ್ಕಾ. ಈ ನಲವತ್ತೊಂದೂ ಪೋಲ್ಸ್ಕಾಗಳೇ, ಕುಣಿತದ ಮಟ್ಟುಗಳು, ಅಂಥವು ಸಾವಿರಗಟ್ಟಲೆ ಇವೆ. ಇದು ಯಾವುದು ಎಂದು ಹೇಳುವುದು ಆ ಎಫ್ತೆರ್ ಒಂದೇ. ಅದನ್ನು ಹೇಳದೆ ಬಾರಿಸಿದವನನ್ನು ನಮ್ಮ ಪಿಟೀಲು ಕೂಟದಲ್ಲಿ ಕಳ್ಳ ಅನ್ನುತ್ತಾರೆ. ಆದ್ದರಿಂದ ನಲವತ್ತೊಂದಕ್ಕೂ ಅದು ಇರಬೇಕು. ನಿನ್ನ ಪಟ್ಟಿಯಲ್ಲಿ ‘ಕಲಾವಿದರು’ ಎಂಬ ಬೇರೆ ಕಾಲಂ ಇದೆ ಅಂದೆಯಲ್ಲ, ಅದನ್ನು ಖಾಲಿ ಬಿಡು. ಅವಳ ಹೆಸರು ಮಟ್ಟಿನ ಶೀರ್ಷಿಕೆಯಲ್ಲೇ ಇದೆ, ಸಾಕು.

ನೀನು ಕಳಿಸಿದ ಒಪ್ಪಿಗೆಯ ಕಾಗದಕ್ಕೆ ನಾನೇ ಸಹಿ ಹಾಕಿದ್ದೇನೆ. ಊರಿಗೆ ಬಂದಾಗ ಅಜ್ಜಿಯ ಮುಂದೆ ಈ ವಿಷಯ ಎತ್ತಬೇಡ. ಸಮಯ ನೋಡಿ ನಾನೇ ಹೇಳುತ್ತೇನೆ.

ತೂರಾ


ಸ್ಟಾಕ್‌ಹೋಮ್
21 ನವೆಂಬರ್ 2006

ನನ್ನ ತೂರಾ,

ನಿನ್ನೆ ಸಂಜೆ ನಾಲ್ಕು ಗಂಟೆಗೆ ಅದು ಹಾಡಿತು.

ನಾವು ಮೂರು ಜನ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ, ಕಿಟಕಿಗೆ ಪರದೆಯ ಬದಲು ಟವೆಲ್. ಒಬ್ಬ ಕಾಲೇಜು ಬಿಟ್ಟವನು, ಒಬ್ಬ ಬ್ಯಾಂಕು ಬಿಟ್ಟವನು, ನಾನು ಪಿಟೀಲು ಬಿಟ್ಟವನು. ಆರು ತಿಂಗಳಿಂದ ಒಂದೇ ಹೋರಾಟ: ಒತ್ತಿದ ಮೇಲೆ ಹಾಡು ಶುರುವಾಗಲು ಮೂರು ಸೆಕೆಂಡು ಹಿಡಿಯುತ್ತಿತ್ತು. ಮೂರು ಸೆಕೆಂಡು ಕಾಯುವವನು ಎದ್ದುಹೋಗಿ ಕದ್ದ ಹಾಡನ್ನೇ ಕೇಳುತ್ತಾನೆ. ನಿನ್ನೆ ಒತ್ತಿದೆ. ಬೆರಳು ಎತ್ತುವ ಮೊದಲೇ ಅಲ್ಮಜ್ಜಿಯ ಕಾಲು ನೆಲ ತಟ್ಟಿತು. ಮೊದಲನೆಯ ಮಟ್ಟು, ಆ ನಿಧಾನದ್ದು. ನಾವು ಮೂವರೂ ಕಾಲುಚೀಲದಲ್ಲೇ ಕುಣಿದೆವು. ಕೆಳಗಿನಿಂದ ದರ್ಜಿ ಬಂದು ಬೈದು ಹೋದ.

ಕಂಪನಿಗೆ ಹೆಸರಿಟ್ಟೆವು, ಲೋತ್‌ಬೆಕ್. ಮಟ್ಟಿನ ತೊರೆ. ಹೇಗಿದೆ?

ಎಫ್ತೆರ್ ಇದೆ, ನಲವತ್ತೊಂದಕ್ಕೂ ಇದೆ. ನಾನೇ ಕೂತು ಒಂದೊಂದಾಗಿ ಟೈಪು ಮಾಡಿದೆ. ಇದು ನನ್ನ ಮಾತು, ನನಗೆ ನೀನು ಮತ್ತೆ ನೆನಪಿಸಬೇಕಾಗಿಲ್ಲ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಕೇಳಿ ಏನಂದಳು?

ನಿನ್ನ ಹೋಕನ್


ಸ್ಟಾಕ್‌ಹೋಮ್
2 ಮಾರ್ಚ್ 2009

ತೂರಾ,

ನೀನು ಉತ್ತರ ಬರೆಯುವುದು ಬಿಟ್ಟು ಎರಡು ವರ್ಷವಾಯಿತು ಎಂದು ಲೆಕ್ಕ ಹಾಕಿ ನಾಚಿಕೆಯಾಯಿತು, ಯಾಕೆಂದರೆ ನಾನು ಬರೆಯುವುದು ಬಿಟ್ಟೂ ಅಷ್ಟೇ ಆಯಿತು. ಹಾಗಾಗಿ ಯಾರೂ ಯಾರನ್ನೂ ಬೈಯುವಂತಿಲ್ಲ.

ನಾಲ್ಕು ದೊಡ್ಡ ಕಂಪನಿಗಳೂ ಸಹಿ ಹಾಕಿದವು. ಎರಡು ವರ್ಷ ಅವರ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು ನನ್ನ ಬೂಟು ಸವೆದವು. ಒಬ್ಬ ಲಂಡನ್ನಿನ ದೊಡ್ಡ ಮನುಷ್ಯ ಮೂರು ಸಲ ನನ್ನನ್ನು ಊಟಕ್ಕೆ ಕರೆದು ಮೂರು ಸಲವೂ ತಾನು ಬರಲಿಲ್ಲ. ಈಗ ಅವನೇ ಫೋನು ಮಾಡುತ್ತಾನೆ. ಸ್ವೀಡನ್ ಆಯಿತು, ನಾರ್ವೆ, ಫಿನ್‌ಲ್ಯಾಂಡ್, ಸ್ಪೇನ್ ಆಯಿತು. ನಾವೀಗ ತೊಂಬತ್ತು ಜನ. ಒಂದು ಇಡೀ ಮಹಡಿ ನಮ್ಮದು; ಮೂರು ಗಂಟೆಯ ಕಾಫಿ ಬಿಡುವಿನಲ್ಲಿ, ಫೀಕಾದಲ್ಲಿ, ದಾಲ್ಚಿನ್ನಿ ಬನ್ನಿಗೆ ಸಾಲು ನಿಲ್ಲಬೇಕು.

ಹಾಡುಗಳು ಅರವತ್ತು ಲಕ್ಷ ದಾಟಿವೆ. ಈಗ ಫೋನಿನಲ್ಲೂ ಕೇಳಬಹುದು. ಪಟ್ಟಿ ಮಾತ್ರ ಕಸದ ಬುಟ್ಟಿಯಾಗಿದೆ, ಒಂದೇ ಹಾಡು ಹತ್ತು ಹೆಸರಿನಲ್ಲಿ ಕೂತಿರುತ್ತದೆ. ಹೆಸರುಗಳನ್ನೆಲ್ಲ ಚೊಕ್ಕಟ ಮಾಡುವ ಕೆಲಸ ನಡೆದಿದೆ.

ಒಮ್ಮೆ ಬಾ. ರೈಲಿನಲ್ಲಿ ನಾಲ್ಕು ಗಂಟೆ.

ಹೋಕನ್


ಬ್ಯೋರ್ಕೋಸೆನ್
19 ಜನವರಿ 2013

ಹೋಕನ್ ಎಕ್‌ವಾಲ್ ಅವರಿಗೆ,

ನಿಮಗೆ ಮೂರು ಇಮೇಲ್ ಕಳಿಸಿದೆ. ಮೂರಕ್ಕೂ ‘ಗ್ರಾಹಕ ಸಹಾಯ’ ಎಂಬ ಪುಣ್ಯಾತ್ಗಿತ್ತಿ ಉತ್ತರ ಕೊಟ್ಟಳು. ನನ್ನ ಅನಿಸಿಕೆ ಅವಳಿಗೆ ಬಹಳ ಮುಖ್ಯವಂತೆ. ಹಾಗಾಗಿ ಕಾಗದ. ಕಾಗದವನ್ನಾದರೂ ನೀನೇ ಒಡೆಯುತ್ತೀಯ ಎಂದುಕೊಂಡಿದ್ದೇನೆ, ಅದಕ್ಕೂ ಯಾರನ್ನಾದರೂ ಇಟ್ಟುಕೊಂಡಿದ್ದರೆ ಅವರೇ ಓದಿ ಹೇಳಲಿ.

ಮೊನ್ನೆ ಮಂಗಳವಾರ ಮೂರಾ ಪೇಟೆಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಬಾಯಿ ತೆರೆದು ಮಲಗಿದ್ದೇನೆ, ಕೊಳವೆ ತುರುಕಿದ್ದಾರೆ. ಗೋಡೆಯ ಸ್ಪೀಕರಿನಿಂದ ಅಲ್ಮಜ್ಜಿ ಬಾರಿಸತೊಡಗಿದಳು. ಮೊದಲನೆಯ ಮಟ್ಟು. ಎರಡನೇ ತಿರುವಿನಲ್ಲಿ ಕಮಾನು ತುಸು ತಡೆದು ನಿಂತು ಮುಂದೆ ಹೋಗುತ್ತದಲ್ಲ, ಆ ತಡೆ ಲೋಕದಲ್ಲಿ ಇನ್ಯಾರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಕಾಲಿನ ತಟ್ಟು ಇಲ್ಲ. ಅಳಿಸಿದ್ದೀರಿ. ಅದರ ಜಾಗದಲ್ಲಿ ಯಾವುದೋ ಗಾಳಿಯ ಸದ್ದು. ನಾನು ಕೂಗಲಿಕ್ಕೂ ಆಗದೆ ಕೊಳವೆ ಕಚ್ಚಿಕೊಂಡು ಮಲಗಿದ್ದೆ.

ಮುಗಿದ ಮೇಲೆ ಅಲ್ಲಿಯ ಹುಡುಗಿಯನ್ನು ಕೇಳಿದೆ, ಇದು ಯಾರದು ಎಂದು. ಅವಳು ಫೋನು ನೋಡಿ, “ಇದಾ? ‘ನಿದ್ದೆಗೆ ಮುಂಚೆ’ ಅಂತ ಒಂದ್ ಪಟ್ಟಿ ಇದೆ, ಅದ್ರಲ್ಲಿ ಬರತ್ತೆ. ದಿಮ್ದಾಲ್ ಅಂತ. ತುಂಬಾ ಜನ ಕೇಳ್ತಾರೆ” ಅಂದಳು.

ದಿಮ್ದಾಲ್. ಮಂಜಿನ ಕಣಿವೆ. ಜೊತೆಗೊಂದು ಚಿತ್ರ, ಹೊಗೆಯಂಥ ಮಂಜು, ಅದರೊಳಗೆ ಒಂದು ಪೈನ್ ಮರ. ಎಂಬತ್ತಾರು ವರ್ಷದ ಅಲ್ಮಜ್ಜಿ, ಗಂಡನನ್ನು ಮಣ್ಣು ಮಾಡಿ ಬಂದ ಸಂಜೆಯೂ ಹಸುವಿನ ಹಾಲು ಕರೆದ ಅಲ್ಮಜ್ಜಿ, ನಿಮ್ಮ ಕಂಪನಿಯಲ್ಲಿ ಒಂದು ಪೈನ್ ಮರ.

ಮನೆಗೆ ಬಂದು ಪಕ್ಕದ ಮನೆಯವರ ಕಂಪ್ಯೂಟರಿನಲ್ಲಿ ಹುಡುಕಿದೆ. ಸ್ಮೆಡ್ಸ್ ಅಲ್ಮಾ ಎಂಬುವಳು ನಿಮ್ಮಲ್ಲಿ ಇಲ್ಲವೇ ಇಲ್ಲ. ನಲವತ್ತೊಂದರಲ್ಲಿ ನಲವತ್ತು ಮಟ್ಟು ಎಲ್ಲಿ? ಉಳಿದ ಒಂದಕ್ಕೆ ‘ಪೋಲ್ಸ್ಕಾ’ ಎಂದಷ್ಟೇ ಹೆಸರು. ಎಫ್ತೆರ್ ಎಲ್ಲಿ ಹೋಕನ್? ನಿನ್ನ ಮಾತು ಎಲ್ಲಿ? ನಿನಗೆ ನೆನಪಿಸಬೇಕಾಗಿಲ್ಲ ಎಂದು ಬರೆದ ಕಾಗದ ನನ್ನ ಹತ್ತಿರ ಇದೆ, ಬೇಕಾದರೆ ಕಳಿಸುತ್ತೇನೆ.

ಕದ್ದ ಹಾಡು ಕೇಳುವ ಹುಡುಗರೂ ಹಾಡಿದವರ ಹೆಸರು ಕದಿಯುತ್ತಿರಲಿಲ್ಲ.

ತೂರಾ


ನ್ಯೂಯಾರ್ಕ್
6 ಫೆಬ್ರವರಿ 2013

ತೂರಾ,

ನಿನ್ನ ಕಾಗದ ನನ್ನ ಹಿಂದೆಯೇ ಸಾಗರ ದಾಟಿ ಬಂತು. ನಾನೇ ಒಡೆದೆ.

ವಿಚಾರಿಸಿದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಶೀರ್ಷಿಕೆ ಚೊಕ್ಕಟ ಮಾಡುವ ಒಂದು ನಿಯಮ ಇದೆ, ಅದು ಎಫ್ತೆರ್ ಮತ್ತು ಅದರ ಮುಂದಿನದ್ದನ್ನು ಕತ್ತರಿಸಿದೆ. ಆಗ ನಲವತ್ತೊಂದೂ ‘ಪೋಲ್ಸ್ಕಾ’ ಆದವು. ಒಂದೇ ಹೆಸರಿನವು ನಲವತ್ತೊಂದು ಇವೆ ಎಂದು ಇನ್ನೊಂದು ನಿಯಮ ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಿತು. ಕಲಾವಿದರ ಕಾಲಂ ನೀನೇ ಖಾಲಿ ಬಿಡಿಸಿದ್ದೆ. ವಾರಸುದಾರರಿಲ್ಲದ ಮಟ್ಟು ಸಿಕ್ಕಿತು ಎಂದು ನಿದ್ದೆಯ ಪಟ್ಟಿ ಮಾಡುವ ವಿಭಾಗ ಅದಕ್ಕೊಂದು ಹೆಸರು ಇಟ್ಟಿತು. ನಾವೀಗ ಇಪ್ಪತ್ತಮೂರು ದೇಶದಲ್ಲಿದ್ದೇವೆ, ಸಾವಿರದ ಇನ್ನೂರು ಜನ ಇದ್ದೇವೆ. ಇಷ್ಟು ದೊಡ್ಡದರಲ್ಲಿ ಯಾರ ಕೈ ಎಲ್ಲಿ ತಗುಲಿತು ಎಂದು ಹುಡುಕುವುದು ಕಷ್ಟ.

ನಿನಗೆ ನೋವಾಗಿದೆ, ಅದು ನನಗೆ ಅರ್ಥವಾಗುತ್ತದೆ. ಅಷ್ಟು ವರ್ಷ ಆ ಅಡುಗೆಮನೆಯಲ್ಲಿ ಕೂತು ಹಿಡಿದವಳು ನೀನು, ನಿನ್ನ ಶ್ರಮಕ್ಕೆ ಒಂದು ಹೆಸರೂ ಇಲ್ಲವೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದನ್ನು ಸರಿ ಮಾಡಿಸುತ್ತೇನೆ. ಇದೇ ತಿಂಗಳು.

ಹೋಕನ್


ಬ್ಯೋರ್ಕೋಸೆನ್
28 ಮೇ 2013

ಹೋಕನ್,

ಸರಿ ಮಾಡಿಸಿದೆ. ನಿನ್ನ ಕೈಗೆ ನಮಸ್ಕಾರ.

ಮೊನ್ನೆ ಭಾನುವಾರ ಪಿಟೀಲು ಕೂಟ ಇತ್ತು. ನಮ್ಮ ಕೂಟದ ಯಜಮಾನ ವೆರ್ನರ್‌ನನ್ನು ನೀನು ನೋಡಿಲ್ಲ, ಮೂವತ್ತು ವರ್ಷ ಬಸ್ ಓಡಿಸಿದವನು, ಹೆಚ್ಚು ಮಾತಾಡುವವನಲ್ಲ. ಕಾಫಿಯ ಮೇಜಿನ ಮೇಲೆ ಸಕ್ಕರೆ ಡಬ್ಬಿಯ ಪಕ್ಕ ಒಂದು ಹಾಳೆ ಇಟ್ಟ. ಅವನ ಮೊಮ್ಮಗಳು ಮುದ್ರಿಸಿ ಕೊಟ್ಟದ್ದು. ನಿಮ್ಮ ಪಟ್ಟಿಯ ಹಾಳೆ. ಪೋಲ್ಸ್ಕಾ. ಕಲಾವಿದರು: ದಿಮ್ದಾಲ್. ರಚನೆ: ತೂರಾ ಲಿಸ್ಪೆರ್ಸ್.

ರಚನೆ, ನಾನು. ಇನ್ನೂರು ವರ್ಷದ ಮಟ್ಟನ್ನು ಬ್ಯೋರ್ಕೋಸೆನ್ ಶಾಲೆಯ ಸಂಗೀತದ ಟೀಚರಮ್ಮ ರಚಿಸಿದಳು.

ಒಬ್ಬೊಬ್ಬರಾಗಿ ಬಂದು ಹಾಳೆ ನೋಡಿ, ಕಾಫಿ ಬಗ್ಗಿಸಿಕೊಂಡು, ನನ್ನಿಂದ ಎರಡು ಕುರ್ಚಿ ಬಿಟ್ಟು ಕೂತರು. ಹಳೆಯ ಮಟ್ಟು ಉಳಿಸಿಕೊಂಡ ಪಿಟೀಲಿನವರಿಗೆ ಕೊಡುವ ಬೆಳ್ಳಿ ಬಿಲ್ಲೆಗಾಗಿ ಈ ಬೇಸಿಗೆ ತೀರ್ಪುಗಾರರ ಮುಂದೆ ಬಾರಿಸಲು ಕೂಟದಿಂದ ನನ್ನ ಹೆಸರು ಹೋಗಿತ್ತು. ಹೊರಡುವಾಗ ವೆರ್ನರ್ ಬಾಗಿಲಲ್ಲಿ ನಿಲ್ಲಿಸಿ, “ಈ ವರ್ಷ ಬೇಡ ಬಿಡು ತೂರಾ. ಜನ ಏನೇನೋ ಮಾತಾಡ್ತಾರೆ” ಅಂದ. ಇಪ್ಪತ್ತೆಂಟು ವರ್ಷ ಕಲಿತಿದ್ದೇನೆ ಹೋಕನ್. ಒಂದು ಸಲವೂ ಅಜ್ಜಿಯ ಹೆಸರು ಹೇಳದೆ ಕಮಾನು ಎತ್ತಿದವಳಲ್ಲ.

ನನಗೆ ನನ್ನ ಹೆಸರು ಬೇಕೆಂದು ಯಾರು ಹೇಳಿದರು ನಿನಗೆ? ನಾನು ಬರೆದ ಕಾಗದದಲ್ಲಿ ಎಲ್ಲಿದೆ ಅದು, ಗೆರೆ ಎಳೆದು ತೋರಿಸು. ದೊಡ್ಡ ಮನುಷ್ಯನಾದ ಮೇಲೆ ಎಲ್ಲರೂ ತಮ್ಮ ಹೆಸರಿಗೇ ಸಾಯುತ್ತಾರೆ ಎಂದು ಕಾಣುತ್ತದೇನೋ. ನನಗೆ ಬೇಕಾದದ್ದು ಒಂದೇ ಮಾತು, ಎಫ್ತೆರ್. ಅದರ ಮುಂದೆ ಒಬ್ಬ ಮುದುಕಿಯ ಹೆಸರು. ಇಪ್ಪತ್ತಮೂರು ದೇಶ ಗೆದ್ದವನಿಗೆ ಅಷ್ಟು ಬರೆಯಲು ಬರುವುದಿಲ್ಲವೇ?

ನನ್ನ ಹೆಸರನ್ನು ತೆಗಿ. ಇವತ್ತೇ ತೆಗಿ.

ತೂರಾ


ಸ್ಟಾಕ್‌ಹೋಮ್
17 ಜೂನ್ 2013

ತೂರಾ,

ನಿನ್ನ ಹೆಸರು ತೆಗೆದಾಯಿತು. ಈಗ ನನ್ನ ಮಾತನ್ನೂ ಸ್ವಲ್ಪ ಕೇಳು, ಯಾಕೆಂದರೆ ನನಗೂ ಸಾಕಾಗಿದೆ.

ನಿನ್ನ ಹೆಸರು ಯಾಕೆ ಬಂತು ಗೊತ್ತೇ? ನಮ್ಮ ಕಡತದಲ್ಲಿ ಆ ಮಟ್ಟುಗಳಿಗೆ ಇರುವುದು ಒಂದೇ ಸಹಿ. ನಿನ್ನದು. ‘ಹಕ್ಕುದಾರರು’ ಎಂಬ ಗೆರೆಯ ಮೇಲೆ. ಅಲ್ಮಾ ಎಂಬುವರು ಒಬ್ಬರಿದ್ದಾರೆ ಎಂಬುದಕ್ಕೆ ವಕೀಲರ ಹತ್ತಿರ ಒಂದು ಚೂರು ಕಾಗದ ಇಲ್ಲ. ನಾನು ಬಾಯಿಮಾತಿನಲ್ಲಿ ಹೇಳಿದರೆ ಅವರು ನಗುತ್ತಾರೆ. ಅಜ್ಜಿಯ ಸಹಿ ಇರುವ ಒಪ್ಪಂದ ಒಂದನ್ನು ಕೊಟ್ಟರೆ ಅಲ್ಲಿಗೆ ಮುಗಿಯಿತು: ಹೆಸರು ಬರುತ್ತದೆ, ಎಫ್ತೆರ್ ಬರುತ್ತದೆ, ನಲವತ್ತೂ ವಾಪಸು ಬರುತ್ತವೆ, ಆ ಪೈನ್ ಮರ ಹೋಗುತ್ತದೆ. ಇದನ್ನು ಫೆಬ್ರವರಿಯಿಂದ ಎರಡು ಸಲ ಫೋನಿನಲ್ಲಿ ಹೇಳಿದೆ. ಎರಡು ಸಲವೂ ನೀನು ಬೈದು ಇಟ್ಟೆ.

ಅಜ್ಜಿ ಇರುವುದು ನಿನ್ನ ಮನೆಯಿಂದ ನಾಲ್ಕು ನಿಮಿಷದ ದಾರಿಯಲ್ಲಿ. ಒಪ್ಪಂದದ ಕಾಗದ ಇದರ ಜೊತೆಗಿದೆ. ಪೆನ್ನೂ ಇಟ್ಟಿದ್ದೇನೆ. ಹೋಗಿ ಸಹಿ ಹಾಕಿಸಲು ನಿನಗೆ ಏನು ಅಡ್ಡಿ? ಬೈಯುವುದರಲ್ಲಿ ನಿನಗೆ ಅಷ್ಟು ಸುಖ ಇದೆಯೇ?

ಹೋಕನ್


ಬ್ಯೋರ್ಕೋಸೆನ್
30 ಆಗಸ್ಟ್ 2013

ಹೋಕನ್,

ಅಜ್ಜಿಯ ಕಣ್ಣು ಮಂಜಾಗಿದೆ. ಹದಿನಾಲ್ಕು ಪುಟದ ಇಂಗ್ಲಿಷ್ ಕಾಗದವನ್ನು ಅವಳ ಮುಂದೆ ಹಿಡಿದು ಇಲ್ಲಿ ಗೀಚಜ್ಜಿ ಎನ್ನಲು ನನ್ನಿಂದಾಗದು. ಅವಳ ಹೆಸರನ್ನು ಕಳೆದವರು ನೀವು, ಹುಡುಕಿ ತರಬೇಕಾದವರೂ ನೀವು. ಕಳೆದುಕೊಂಡವಳ ಹತ್ತಿರವೇ ಹೋಗಿ ರಸೀದಿ ಕೇಳುತ್ತಾರೆಯೇ?

ನಿನ್ನ ಪೆನ್ನನ್ನು ವಾಪಸು ಕಳಿಸಿದ್ದೇನೆ. ಇನ್ನು ಬರೆಯಬೇಡ.

ತೂರಾ


ಸ್ಟಾಕ್‌ಹೋಮ್
11 ಅಕ್ಟೋಬರ್ 2017

ತೂರಾ,

ಬರೆಯಬೇಡ ಅಂದಿದ್ದೆ. ನಾಲ್ಕು ವರ್ಷ ಬರೆಯಲಿಲ್ಲ.

ನಾಳೆ ಲೋತ್‌ಬೆಕ್‌ನಲ್ಲಿ ನನ್ನ ಕೊನೆಯ ದಿನ. ಕಂಪನಿ ಷೇರು ಮಾರುಕಟ್ಟೆಗೆ ಹೋಗಲಿದೆ. ಅದಕ್ಕೂ ಮುಂಚೆ ಮೊದಲಿನವರನ್ನೆಲ್ಲ ಬಹಳ ಮರ್ಯಾದೆಯಿಂದ ಬಾಗಿಲ ತನಕ ಬಿಟ್ಟುಬರುತ್ತಿದ್ದಾರೆ. ಕಾಲೇಜು ಬಿಟ್ಟವನು ಹೋದ ವರ್ಷವೇ ಹೋದ. ಬ್ಯಾಂಕು ಬಿಟ್ಟವನು ಮಾತ್ರ ಉಳಿದಿದ್ದಾನೆ, ಅವನೇ ನನ್ನ ಕೈಕುಲುಕಿ, ಕಂಪನಿ ಬೆಳೆಯಬೇಕಾದರೆ ಹೀಗೇ ಅಂದ. ಅರವತ್ತೊಂದು ದೇಶ, ಮೂರು ಸಾವಿರ ಜನ, ಮೂರು ಕೋಟಿ ಹಾಡು. ಸಂಗೀತ ಇಷ್ಟಪಡುವ ಹುಡುಗರು ಕಟ್ಟಿದ್ದು ಎಂದು ಗೋಡೆಯ ಮೇಲೆ ಬರೆಸಿದ್ದಾರೆ. ನಾನು ಅಲ್ಲಿ ಕೊನೆಯ ಬಾರಿ ಒಂದು ಮಟ್ಟನ್ನು ಕೊನೆತನಕ ಕೇಳಿದ್ದು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ. ಸಿಟ್ಟು ಬರುತ್ತದೆ ತೂರಾ. ಅವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ನಿನಗೆ ಒಂದು ಸುಳ್ಳು ಹೇಳಿದ್ದೆ. ಯಾರ ಕೈ ತಗುಲಿತೋ ಗೊತ್ತಿಲ್ಲ ಎಂದು ಬರೆದಿದ್ದೆ. ಗೊತ್ತಿತ್ತು. ಎಫ್ತೆರ್ ಕತ್ತರಿಸುವ ನಿಯಮವನ್ನು ಬರೆದವನು ನಾನು. ನಾವು ಫೋನಿಗೆ ಬಂದ ಹೊಸದರಲ್ಲಿ ಉದ್ದದ ಹೆಸರುಗಳು ಪರದೆಯ ಅಂಚು ದಾಟಿ ಹೋಗುತ್ತಿದ್ದವು. ಒಂದು ದಿನ ಊಟಕ್ಕೆ ಏಳುವ ಮೊದಲು ಉದ್ದದವನ್ನೆಲ್ಲ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಮೊದಲು ಬಂದದ್ದು ನಿನ್ನ ನಲವತ್ತೊಂದು. ನಿನ್ನ ನೆನಪಾಯಿತು. ನಾನು ಕೊಟ್ಟ ಮಾತೂ ನೆನಪಾಯಿತು. ಆದರೂ ಬರೆದೆ, ಯಾಕೆಂದರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು, ನನಗೆ ಹಸಿವಾಗಿತ್ತು. ಆ ಸಾಲು ಸ್ವೀಡನ್ನಿನ ಅಷ್ಟೂ ಹಳೆಯ ಪಿಟೀಲಿನವರ ಹೆಸರನ್ನು ನುಂಗಿತು.

ಇವತ್ತು ವಕೀಲರನ್ನು ಕೇಳದೆ ನಾನೇ ಒಳಹೊಕ್ಕು ಬರೆದುಬಂದಿದ್ದೇನೆ: ಪೋಲ್ಸ್ಕಾ ಎಫ್ತೆರ್ ಸ್ಮೆಡ್ಸ್ ಅಲ್ಮಾ. ದಿಮ್ದಾಲ್ ಎಂಬುದನ್ನು ತೆಗೆಯಲು ನನ್ನ ಕೀಲಿಗೆ ಈಗ ಅಧಿಕಾರವಿಲ್ಲ. ಅದನ್ನು ಆರು ಕೋಟಿ ಸಲ ಕೇಳಿದ್ದಾರೆ.

ಕ್ಷಮಿಸು ಎಂದು ಕೇಳುತ್ತಿದ್ದೇನೆ. ಆದರೆ ಒಂದು ಮಾತು ನನಗೆ ಇವತ್ತಿಗೂ ಬಗೆಹರಿದಿಲ್ಲ. ಒಂದು ಸಹಿಯಿಂದ ಮುಗಿಯುತ್ತಿದ್ದ ಕೆಲಸವನ್ನು ನೀನು ಯಾಕೆ ಮಾಡಿಸಲಿಲ್ಲ?

ಹೋಕನ್


ಬ್ಯೋರ್ಕೋಸೆನ್
2 ಜುಲೈ 2018

ಹೋಕನ್,

ನಿನ್ನ ಕಾಗದ ಒಂಬತ್ತು ತಿಂಗಳು ನನ್ನ ಹತ್ತಿರ ಇತ್ತು. ಮೊದಲು ನಿನ್ನ ಕೊನೆಯ ಕೆಲಸದ ಸಂಗತಿ ಹೇಳಿಬಿಡುತ್ತೇನೆ. ನೀನು ಬರೆದುಬಂದ ಹೆಸರು ಹನ್ನೊಂದು ದಿನ ಇತ್ತು. ದಿನವೂ ಹೋಗಿ ನೋಡುತ್ತಿದ್ದೆ. ಹನ್ನೆರಡನೆಯ ದಿನ ಮತ್ತೆ ಬರೀ ಪೋಲ್ಸ್ಕಾ. ನಿನ್ನ ನಿಯಮ ಇನ್ನೂ ಓಡುತ್ತಿದೆ, ನಿನ್ನನ್ನು ಕಳಿಸಿದರೂ ಅದನ್ನು ಕಳಿಸಿಲ್ಲ. ಆ ದಿನ ಎಷ್ಟು ಸಿಟ್ಟು ಬಂತೆಂದರೆ ನಿನಗೆ ಬರೆಯಲು ಕೂತು ಮೂರು ಹಾಳೆ ಹರಿದೆ.

ಈಗ ನಡುಬೇಸಿಗೆಯ ಹಬ್ಬದ ಮಾರನೆಯ ದಿನ ಆದದ್ದನ್ನು ಕೇಳು.

ಪ್ರತಿ ವರ್ಷದಂತೆ ಚರ್ಚಿನ ಹುಲ್ಲುಹಾಸಿನ ಮೇಲೆ ಕೂಟ. ಹೆರಿಂಗ್ ಮೀನು, ಹೊಸ ಆಲೂಗಡ್ಡೆ, ಸೊಳ್ಳೆ. ಅಲ್ಮಜ್ಜಿಗೆ ತೊಂಬತ್ತೊಂದು, ನಡೆಯಲು ಚಕ್ರದ ವಾಕರ್ ಹಿಡಿಯುತ್ತಾಳೆ, ಕಿವಿ ಮಾತ್ರ ಮೊದಲಿನ ಹಾಗೇ ಚುರುಕು. ಮುಂದಿನ ಸಾಲಿನಲ್ಲೇ ಕೂತಿದ್ದಳು. ಊರಿನ ವೃದ್ಧರ ಮನೆಗೆ ಈ ವಸಂತದಲ್ಲಿ ಹೊಸ ನರ್ಸ್ ಬಂದಿದ್ದಾಳೆ, ವೆಂಡೆಲಾ ಅಂತ, ಗೋಥೆನ್‌ಬರ್ಗ್ ಕಡೆಯವಳು. ಪಿಟೀಲು ತಂದಿದ್ದಳು. ಹೊಸಬರಿಗೆ ಮೊದಲು ಅವಕಾಶ ಕೊಡುವುದು ವಾಡಿಕೆಯಲ್ಲವೇ, ವೆರ್ನರ್ ಕರೆದ.

ಅವಳು ಮೊದಲನೆಯ ಮಟ್ಟನ್ನು ಬಾರಿಸಿದಳು.

ಎರಡನೇ ತಿರುವಿನ ಆ ತಡೆ ಅವಳ ಕೈಯಲ್ಲಿತ್ತು. ನನ್ನ ಕೈಗೆ ಮೂವತ್ತು ವರ್ಷದಲ್ಲಿ ಬಾರದ್ದು. ಕಾಲು ಮಾತ್ರ ತಟ್ಟಲಿಲ್ಲ, ಅಲುಗಾಡದೆ ನಿಂತು ಬಾರಿಸಿದಳು. ಅದು ಅವಳಿಗೆ ಎಲ್ಲಿಂದ ಬಂತೆಂದು ನನಗೆ ಆ ಕ್ಷಣವೇ ತಿಳಿಯಿತು. ಮುಗಿದ ಮೇಲೆ ವೆರ್ನರ್ ಎಲ್ಲರನ್ನೂ ಕೇಳುವ ಹಾಗೆ ಯಾರಿಂದ ಬಂದದ್ದು ಎಂದು ಕೇಳಿದ. ಅವಳು ನಮ್ಮ ಪದ್ಧತಿಯನ್ನು ಓದಿಕೊಂಡೇ ಬಂದಿದ್ದಳು ಪಾಪ. ನೆಟ್ಟಗೆ ನಿಂತು, “ಪೋಲ್ಸ್ಕಾ, ಎಫ್ತೆರ್ ದಿಮ್ದಾಲ್” ಅಂದಳು.

ಯಾರೂ ನಗಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲವಲ್ಲ. ನರ್ಸಿಂಗ್ ಓದುವಾಗಿನಿಂದ ಐದು ವರ್ಷ ದಿನವೂ ಅದನ್ನು ಕೇಳಿ ಕಲಿತವಳು. ಅವಳಿಗೆ ಬಂದದ್ದು ದಿಮ್ದಾಲ್‌ನಿಂದ. ನಮ್ಮ ಪದ್ಧತಿಯಂತೆ ಅವಳು ಹೇಳಿದ್ದೇ ಸರಿ. ಇನ್ನು ಅವಳಿಂದ ಕಲಿತವರೂ ಹಾಗೇ ಹೇಳುತ್ತಾರೆ, ಅದೂ ಸರಿಯೇ.

ಅಲ್ಮಜ್ಜಿ ಕಾಫಿ ಬಟ್ಟಲನ್ನು ಹುಲ್ಲಿನ ಮೇಲಿಟ್ಟು, “ಯಾರವ್ವಾ ಅದು ದಿಮ್ದಾಲ್? ಯಾವೂರಿನೋನು?” ಎಂದು ಕೇಳಿದಳು. ವೆರ್ನರ್‌ನ ಆ ಹಾಳೆಯ ಸಂಗತಿಯನ್ನು ಕೂಟದವರು ಯಾರೂ ಅವಳಿಗೆ ಹೇಳಿರಲಿಲ್ಲ. ವೆಂಡೆಲಾ ಪಿಟೀಲು ಕೆಳಗಿಳಿಸಿ ತನಗೂ ಗೊತ್ತಿಲ್ಲ, ಫೋನಿನಲ್ಲಿ ಬರುತ್ತಾರೆ ಎಂದಳು. ಅಜ್ಜಿ ಅವಳನ್ನು ಬಿಟ್ಟು ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದಳು.

“ತೂರಾ, ನನ್ನ ಕೈ ಅವನಿಗೆ ಹೆಂಗೆ ಬಂತೇ?”

ನೀನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ ಹೋಕನ್. ನಾನು ಅಜ್ಜಿಯ ಸಹಿ ಯಾಕೆ ಹಾಕಿಸಲಿಲ್ಲ ಅಂದರೆ, ಆ ಡಿಸ್ಕ್‌ಗಳ ವಿಷಯ ಅಜ್ಜಿಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂದರೂ ಸುಳ್ಳಾದೀತು. ನೀನು ಮೊದಲ ಸಲ ಫೋನು ಮಾಡಿದ ವಾರ ನಾನು ಅವಳ ಒಪ್ಪಿಗೆ ಕೇಳಿದ್ದೆ. ನನ್ನ ಅಡುಗೆಮನೆಗೆ ಬಂದು ಕೂರದವರಿಗೆ ನನ್ನ ಮಟ್ಟು ಇಲ್ಲ, ಹೋಕನ್‌ಗೆ ಬೇಕಾದರೆ ಅವನೇ ಬರಲಿ, ಕುರ್ಚಿ ಇದೆ ಎಂದಳು. ಮನೆಯಲ್ಲಿ ಅಭ್ಯಾಸ ಮಾಡಲೆಂದು ನಾನು ಮೊದಲೇ ಅವಳ ಅಡುಗೆಮನೆಯಲ್ಲಿ ಹಿಡಿದಿಟ್ಟುಕೊಂಡಿದ್ದೆ. ಅದನ್ನೇ ನಿನಗೆ ಕಳಿಸಿದೆ. ಯಾಕೆ ಕಳಿಸಿದೆ ಎಂದರೆ ನೀನು ಕೇಳಿದೆ, ಅದಕ್ಕೇ. ಆಗ ನೀನು ಏನು ಕೇಳಿದ್ದರೂ ಕೊಡುತ್ತಿದ್ದೆ, ನಿನಗೆ ಅದು ಗೊತ್ತಾಗಲಿಲ್ಲ, ಈಗ ಗೊತ್ತಾಗಬೇಕಾಗಿಯೂ ಇಲ್ಲ. ಕಲಾವಿದರ ಕಾಲಂ ಖಾಲಿ ಬಿಡಿಸಿದ್ದು ಯಾಕೆ ಎಂಬುದೂ ಈಗ ತಿಳಿಯಿತಲ್ಲ. ಊರಲ್ಲಿ ಯಾರಾದರೂ ಕಲಾವಿದರ ಸಾಲಿನಲ್ಲಿ ಅವಳ ಹೆಸರು ಹುಡುಕಿದರೆ ಸಿಗಬಾರದು ಎಂದು. ನಿಮ್ಮ ಕಂಪನಿ ಅವಳನ್ನು ಕಳೆಯುವ ಮೊದಲು ನಾನೇ ಅರ್ಧ ಕಳೆದಿದ್ದೆ.

ನಾನು ಕೊಟ್ಟೆ ಅಂದೆ. ಐವತ್ತು ಜನರ ಎದುರು.

“ಯಾವಾಗ?”

ಹನ್ನೆರಡು ವರ್ಷ ಆಯಿತು ಅಂದೆ.

“ಬ್ಯಾಡ ಅಂದಿದ್ನಲ್ಲೇ.”

ಹೌದಜ್ಜಿ ಅಂದೆ.

ಅವಳು ಬೈದಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಬಟ್ಟಲೆತ್ತಿ ತಣ್ಣಗಾದ ಕಾಫಿಯನ್ನು ಕೊನೆತನಕ ಕುಡಿದಳು. ಆಮೇಲೆ ಅಂದಳು, “ಬಾರಿಸ್ಬ್ಯಾಡ ಅನ್ನಲ್ಲ. ಕಲ್ತಿದೀಯ, ಬಾರಿಸ್ಕೋ. ಇನ್ಮೇಲೆ ಯಾರಾದ್ರೂ ಕೇಳಿದ್ರೆ ನನ್ನ ಹೆಸ್ರು ಹೇಳ್ಬ್ಯಾಡ.” ವೆಂಡೆಲಾ ಕಡೆ ತಿರುಗಿ, ಕಾಲು ತಟ್ಟದೆ ಅದೇನು ನಿಂತಿದ್ದೀಯ, ಮಂಗಳವಾರ ಮನೆಗೆ ಬಾ ಎಂದಳು.

ಆ ಹುಡುಗಿ ಈಗ ಮಂಗಳವಾರ ಮಂಗಳವಾರ ಹೋಗುತ್ತಾಳೆ. ನಾನು ಶಾಲೆಯಿಂದ ಬರುವ ದಾರಿ ಅದೇ, ಕೇಳಿಸುತ್ತದೆ. ಈಗ ಅವಳ ಕಾಲೂ ತಟ್ಟುತ್ತದೆ. ಅವಳು ಇನ್ನು ಎಫ್ತೆರ್ ಸ್ಮೆಡ್ಸ್ ಅಲ್ಮಾ ಎಂದು ಹೇಳಬಹುದು. ಅಷ್ಟಾದರೂ ಆಯಿತು ಎಂದು ಜನ ನನಗೆ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನ ಆಗುವುದಿಲ್ಲ.

ಕ್ಷಮೆ ಕೇಳಿದ್ದೀಯ. ನಾನು ಕೊಡಲಾರೆ. ನಿನ್ನ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿಲ್ಲ. ಹಸಿವಾಯಿತೆಂದು ಒಂದು ಸಾಲು ಬರೆದೆಯಲ್ಲ, ಅದನ್ನು ಮರೆಯಲಾರೆ. ಆದರೆ ಮೊದಲೆಲ್ಲ ಸಿಟ್ಟು ಬಂದಾಗ ನಾನು ಸರಿ ಎಂಬ ಒಂದು ಧೈರ್ಯ ಜೊತೆಗಿರುತ್ತಿತ್ತು, ಈಗ ಅದಿಲ್ಲ. ಕ್ಷಮೆ ಕೇಳುವುದಿದ್ದರೆ ಅಜ್ಜಿಯನ್ನು ಕೇಳು. ಬಾಗಿಲು ಹಾಕಿರುವುದಿಲ್ಲ.

ಆಗಸ್ಟ್ ಕೂಟಕ್ಕೆ ಯಾರು ಏನು ಬಾರಿಸುತ್ತಾರೆ ಎಂಬ ಪಟ್ಟಿ ನಿನ್ನೆ ಮಾಡಿದೆವು. ವೆರ್ನರ್ ನನ್ನ ಹೆಸರು ಬರೆದು, ಅದರ ಮುಂದೆ ಪೋಲ್ಸ್ಕಾ ಎಫ್ತೆರ್ ಎಂದು ಬರೆದು, ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ನಾನು ಎಫ್ತೆರ್ ಹೊಡೆದುಹಾಕು ಅಂದೆ.

ತೂರಾ